ಹಿಮಗೂಡಿನ ತುಪ್ಪಳ

ನುಗ್ಗೇಹಳ್ಳಿ
ಸೋಮವಾರ, ೧೨ ಫೆಬ್ರವರಿ ೨೦೨೪

ಕೀರ್ತಿರಾಜ್ ಅವರಿಗೆ, ಯಶೋಧರಾ ಬರೆಯುವುದು.

ಹದಿನಾಲ್ಕು ವರ್ಷ ನಿಮ್ಮನ್ನು ‘ರೀ’ ಎಂದು ಕರೆದು ಅಭ್ಯಾಸ. ಕಾಗದದ ಮೇಲೆ ಹಾಗೆ ಕರೆಯಲು ಬರುವುದಿಲ್ಲವಾದ್ದರಿಂದ ಹೆಸರು ಬರೆದಿದ್ದೇನೆ. ನಾನು ಹೊನ್ನಕ್ಕತ್ತೆಯ ಮನೆಯಲ್ಲಿದ್ದೇನೆ. ಅಪ್ಪನ ಒಡಹುಟ್ಟಿದವಳು ತಾನೆ, ಯಾಕೆ ಬಂದೆ, ಎಷ್ಟು ದಿನ ಇರುತ್ತೀಯ ಎಂದು ಇವತ್ತಿಗೂ ಕೇಳಿಲ್ಲ. ಬೆಳಿಗ್ಗೆ ಇಲ್ಲಿಂದಲೇ ಬಸ್ಸು ಹಿಡಿದು ಚನ್ನರಾಯಪಟ್ಟಣದ ಶಾಲೆಗೆ ಹೋಗಿ ಪಾಠ ಮಾಡಿ ಬರುತ್ತೇನೆ.

ನಿಮ್ಮ ಕರೆಗಳನ್ನೆಲ್ಲ ನೋಡಿದೆ, ಎತ್ತಲಿಲ್ಲ. ಫೋನಿನಲ್ಲಿ ನೀವು ಮಾತಾಡುತ್ತೀರಿ, ನಾನು ಹೂಂ ಅನ್ನುತ್ತೇನೆ, ಐದು ನಿಮಿಷ ಕಳೆಯುವುದರೊಳಗೆ ತಪ್ಪೆಲ್ಲ ನನ್ನದಾಗಿರುತ್ತದೆ. ಕಾಗದದಲ್ಲಿ ನೀವು ಮಧ್ಯೆ ಬಾಯಿ ಹಾಕುವಂತಿಲ್ಲ. ಕೊನೆಯವರೆಗೂ ಓದಿ.

ಹದಿನಾರು ದಿನದಿಂದ ನನಗೆ ಊಟ ಸೇರುತ್ತಿಲ್ಲ. ತಟ್ಟೆಯ ಮುಂದೆ ಕೂತರೆ ಗಂಟಲಲ್ಲಿ ತುಪ್ಪಳ ಸಿಕ್ಕಿಕೊಂಡ ಹಾಗಾಗುತ್ತದೆ. ನಿನ್ನೆ ಅತ್ತೆ ಮುದ್ದೆಗೆ ಹುರುಳಿಕಾಳಿನ ಬಸ್ಸಾರು ಬಿಟ್ಟು ಕೊಟ್ಟಳು. ತುತ್ತು ಮುರಿದೆ, ಬಾಯಿಗಿಡಲಾಗಲಿಲ್ಲ, ಎದ್ದು ಹಿತ್ತಲಿಗೆ ಓಡಿದೆ. ಅತ್ತೆ ಚೊಂಬಿನಲ್ಲಿ ನೀರು ಹಿಡಿದು ಹಿಂದೆಯೇ ಬಂದು, ಮುಖವೆಲ್ಲ ಆಸೆ ಮಾಡಿಕೊಂಡು, “ಎಷ್ಟ್ ತಿಂಗ್ಳಾಯ್ತವ್ವಾ?” ಅಂದಳು. ನಲವತ್ತೊಂದನೇ ವಯಸ್ಸಿನಲ್ಲಿ ಯಾರಾದರೂ ಹಾಗೆ ಕೇಳಿದರೆ ನಗು ಬರಬೇಕು. “ಬಸಿರಲ್ಲ ಅತ್ತೆ, ಹೇಸಿಗೆ” ಅಂದೆ. ಅವಳಿಗೆ ಅರ್ಥವಾಗಲಿಲ್ಲ. ನಿಮಗೆ ಆಗುತ್ತದೆ.

ಮೂರು ವರ್ಷದ ಹಿಂದೆ ನೀವು ಆ ಸಣ್ಣ ಪೊಟ್ಟಣ ತಂದ ದಿನ ನನಗೆ ಚೆನ್ನಾಗಿ ನೆನಪಿದೆ. ಹಾಸಿಗೆ ಕಂಪನಿಯ ಮಾರಾಟದ ಕೆಲಸ ಬಿಟ್ಟು ಆರು ತಿಂಗಳಾಗಿತ್ತು. ಮೇಲೆ ಹೊರದೇಶದ ಅಂಚೆಚೀಟಿ, ಒಳಗೆ ಒಂದೇ ಒಂದು ಹಿಡಿ ಬೂದುಬಣ್ಣದ ತುಪ್ಪಳ. ನನ್ನ ಅಂಗೈ ಮೇಲಿಟ್ಟಿರಿ. ತೂಕವೇ ಇರಲಿಲ್ಲ. ಇದೆಯೋ ಇಲ್ಲವೋ ಎಂದು ಕಣ್ಣಿಂದ ನೋಡಿ ತಿಳಿಯಬೇಕು. ಆದರೆ ಎರಡು ಉಸಿರು ಎಳೆಯುವುದರೊಳಗೆ ಅಂಗೈ ಬೆಚ್ಚಗಾಯಿತು. “ಐಡರ್ ಅಂತ ಒಂದು ಸಮುದ್ರದ ಬಾತು, ಅದರ ಎದೆದು. ಇದರ ಮೇಲೆ ನೀನು ಬರೀಬೇಕು ಯಶೂ, ನಿಂಗೆ ಭಾಷೆ ಇದೆ” ಅಂದಿರಿ.

ಬರೆದೆ. ಒಂದು ತಿಂಗಳು ಓದಿ ಬರೆದೆ. ಉತ್ತರದ ಹಿಮದ ಸಮುದ್ರದಲ್ಲಿ ಬದುಕುವ ಬಾತು. ಮೊಟ್ಟೆ ಇಡುವ ಕಾಲಕ್ಕೆ ದಡಕ್ಕೆ ಬಂದು, ತನ್ನ ಎದೆಯ ತುಪ್ಪಳ ತಾನೇ ಕಿತ್ತು ಗೂಡಿಗೆ ಹಾಸುತ್ತದೆ. ಅಲ್ಲಿನ ರೈತರು ನರಿ ಬಾರದಂತೆ, ಕಡಲಹಕ್ಕಿ ಎರಗದಂತೆ ಆ ಗೂಡುಗಳನ್ನು ಕಾಯುತ್ತಾರೆ. ಮರಿಗಳು ತಾಯಿಯ ಹಿಂದೆ ನೀರಿಗಿಳಿದ ಮೇಲೆ, ಬಿಟ್ಟುಹೋದ ಗೂಡಿನಿಂದ ತುಪ್ಪಳ ಆಯ್ದು ತರುತ್ತಾರೆ. ಒಂದು ಕಿಲೋ ಆಗಲು ಅರವತ್ತು ಗೂಡು ಬೇಕು. ಇಷ್ಟನ್ನೂ ಕನ್ನಡದಲ್ಲಿ, ಇಂಗ್ಲಿಷಿನಲ್ಲಿ ಎಂಟು ಪುಟ ಮಾಡಿಕೊಟ್ಟೆ. ‘ಹಿಮಗೂಡು’ ಎಂಬ ಹೆಸರೂ ನನ್ನದೇ. ಕೊನೆಯ ಸಾಲು, ‘ಈ ಹೊದಿಕೆಗಾಗಿ ಒಂದು ಹಕ್ಕಿಯೂ ನೋಯಲಿಲ್ಲ’. ಅದನ್ನು ನೀವು ರೇಷ್ಮೆ ಪಟ್ಟಿಯ ಮೇಲೆ ನೇಯಿಸಿ ಪ್ರತಿ ಹೊದಿಕೆಯ ಮೂಲೆಗೂ ಹೊಲಿಸಿದಿರಿ.

ಹಾಸನದಲ್ಲಿ ಅಂಗಡಿ ತೆರೆದ ದಿನ ಡಾಕ್ಟರ ಹೆಂಡತಿಯೊಬ್ಬರು ಆ ಪುಸ್ತಿಕೆಯನ್ನು ನಿಂತಲ್ಲೇ ಗಟ್ಟಿಯಾಗಿ ಓದಿ ಕಣ್ಣೊರೆಸಿಕೊಂಡರು. ನಾನು ಗಲ್ಲಾಪೆಟ್ಟಿಗೆಯ ಹಿಂದೆ ಹೊಸ ಸೀರೆ ಉಟ್ಟು ನಿಂತು ನನ್ನ ವಾಕ್ಯಗಳನ್ನು ಕೇಳಿ ಬೀಗುತ್ತಿದ್ದೆ. ಈಗ ಆ ನೆನಪು ಬಂದರೆ ಮೈಮೇಲೆ ಹುಳ ಹರಿದ ಹಾಗಾಗುತ್ತದೆ.

ಅಪ್ಪನ ವಿಷಯ ಬರೆಯಬೇಕು. ನವೆಂಬರಿನಲ್ಲಿ ಕೆಮ್ಮು ಜಾಸ್ತಿಯಾಗಿ ಅವರನ್ನು ನಮ್ಮ ಮನೆಗೆ ಕರೆತಂದೆವು. ಎದೆಯ ಫೋಟೊ ತೆಗೆಸಲು ನೀವೇ ಹೊತ್ತು ತಿರುಗಿದಿರಿ. ಮಗ ಇದ್ದರೂ ಅಷ್ಟು ಮಾಡುತ್ತಿರಲಿಲ್ಲ, ಅದನ್ನು ನಾನು ಮರೆಯುವುದಿಲ್ಲ. ಅಪ್ಪನಿಗೆ ಮೈ ಬೆಚ್ಚಗಾಗುತ್ತಲೇ ಇರಲಿಲ್ಲ. ಎರಡು ಕಂಬಳಿ ಹೊದಿಸಿದರೆ ಭಾರಕ್ಕೆ ಉಸಿರು ಕಟ್ಟುತ್ತಿತ್ತು. ಆಗ ನಾನೇ ಅಂಗಡಿಯಿಂದ ಒಂದು ಹಿಮಗೂಡು ತಂದೆ.

ಅಪ್ಪ ಅದನ್ನು ಮುಟ್ಟಿ ನೋಡಿ, “ಇದ್ಯಾವ ಪ್ರಾಣಿದವ್ವಾ?” ಅಂದರು. ನಿಮಗೆ ಗೊತ್ತಲ್ಲ, ಅವರು ಎಂಟು ವರ್ಷದ ಹುಡುಗನಾಗಿದ್ದಾಗಿನಿಂದ ತಾತನ ಜೊತೆ ಸತ್ತ ದನ ಎಳೆಯಲು ಹೋಗಬೇಕಿತ್ತು. ಚರ್ಮ ಸುಲಿಯುವಾಗ ಕಾಲು ಹಿಡಿದುಕೊಳ್ಳುವುದು ಅವರ ಕೆಲಸ. ಇಪ್ಪತ್ತೆರಡರಲ್ಲಿ ಬೌದ್ಧ ದೀಕ್ಷೆ ತೆಗೆದುಕೊಂಡ ದಿನ, ಪ್ರಾಣಿಯ ಮೈಯಿಂದ ಕಿತ್ತದ್ದು ಇನ್ನು ನನ್ನ ಮೈಗೆ ಸೋಕಬಾರದು ಎಂದುಕೊಂಡರು. ಆಮೇಲೆ ಐವತ್ತು ವರ್ಷ ರಬ್ಬರ್ ಚಪ್ಪಲಿ ಬಿಟ್ಟು ಬೇರೆ ಮೆಟ್ಟಲಿಲ್ಲ. ನಿವೃತ್ತಿಯ ದಿನ ಬ್ಯಾಂಕಿನವರು ಕೊಟ್ಟ ಚರ್ಮದ ಬ್ಯಾಗನ್ನು ಅಲ್ಲೇ ಮೇಜಿನ ಮೇಲೆ ಬಿಟ್ಟು ಬಂದವರು. ಅಂಥವರು ಕೇಳಿದಾಗ ನಾನು ಪುಸ್ತಿಕೆ ತಂದು ಎಂಟು ಪುಟವನ್ನೂ ಓದಿದೆ. ಇನ್ನೊಮ್ಮೆ ಓದು ಅಂದರು, ಓದಿದೆ. “ತಾಯಕ್ಕಿ ತಾನಾಗೇ ಬುಟ್ಟೋದದ್ದಾ? ಅಂಗಾದ್ರೆ ಒದ್ಸು ಕಣವ್ವ” ಅಂದರು. ಹತ್ತೊಂಬತ್ತು ದಿನ ಅದರಡಿ ಮಲಗಿದರು. ಡಿಸೆಂಬರ್ ಒಂಬತ್ತರ ಬೆಳಿಗ್ಗೆ ಅದರಡಿಯೇ ಹೋದರು.

ಜನವರಿ ಇಪ್ಪತ್ತೇಳನೇ ತಾರೀಖಿನವರೆಗೆ ನನಗೆ ಏನೂ ಗೊತ್ತಿರಲಿಲ್ಲ. ಅವತ್ತು ಶನಿವಾರ, ಹೊಳೆನರಸೀಪುರದಲ್ಲಿ ಶಿಕ್ಷಕರಿಗೆ ತರಬೇತಿಯಿತ್ತು. ಮುಗಿಸಿಕೊಂಡು ಮೂರು ಗಂಟೆಯ ಹಾಸನದ ಬಸ್ಸು ಹತ್ತಿದೆ. ಸ್ಟ್ಯಾಂಡು ಬಿಡುವ ಹೊತ್ತಿಗೆ ಒಬ್ಬ ಹೆಂಗಸು ಹತ್ತಿ ನನ್ನ ಪಕ್ಕ ಕೂತಳು. ಕೊಳೆತ ನೀರಿನ, ಹಿಕ್ಕೆಯ, ಇನ್ನೂ ಎಂಥದೋ ಸಿಹಿಸಿಹಿ ವಾಸನೆ. ಮುಂದಿನ ಸೀಟಿನ ಗಂಡಸು ತಿರುಗಿ ನೋಡಿ ಎದ್ದು ಹಿಂದಕ್ಕೆ ಹೋದ. ನಾನೂ ಸೆರಗು ಮೂಗಿಗೆ ಒತ್ತಿಕೊಂಡು ಕಿಟಕಿಗೆ ಅಂಟಿಕೊಂಡೆ. ನನ್ನ ಅವ್ವನ ಪಕ್ಕದಿಂದಲೂ ಹೀಗೇ ಜನ ಎದ್ದು ಹೋಗುತ್ತಿದ್ದುದನ್ನು ಕಂಡು ಬೆಳೆದವಳು ನಾನು, ಆದರೂ ಒತ್ತಿಕೊಂಡೆ. ಅವಳ ತಲೆಗೂದಲಲ್ಲಿ, ಹುಬ್ಬಿನಲ್ಲಿ ಬೂದುಬಣ್ಣದ ಎಳೆಗಳು ಅಂಟಿದ್ದವು. ಎರಡು ಕೈಯೂ ಮೊಣಕೈವರೆಗೆ ಪರಚಿ ಬಾತುಕೊಂಡಿದ್ದವು.

ಅವಳೇ ಮಾತಾಡಿಸಿದಳು. “ನೀವು ಕೀರ್ತಿ ಸಾವ್ರ ಮನೆಯೋರಲ್ವರಾ? ಸಾ ಫೋನಲ್ಲಿ ಫೋಟ ತೋರ್ಸಿದ್ರು. ನಮ್ಮನೆಯೋರು ಇಂಗ್ಲಿಸ್ ಮೇಡಮ್ಮು ಅಂದ್ರು.”

ಹೆಸರು ಲಕ್ಕಮ್ಮ. ಕೈ ಕೀವಾಗಿದೆ, ಹಾಸನದ ಆಸ್ಪತ್ರೆಗೆ ತೋರಿಸಲು ಹೊರಟಿದ್ದಳು. ಎಲ್ಲಿ ನೋಡಿದೆ ನನ್ನ ಗಂಡನನ್ನು ಎಂದು ಕೇಳಿದೆ.

“ಶೆಡ್ಡಲ್ಲಿ ಕಣವ್ವ. ಅರಕಲಗೂಡ್ ರೋಡಲ್ಲಿ, ನಾಲೆ ತಾವ. ಬೈರಯ್ಯನ್ ರೇಸ್ಮೆ ಮನೆ ಇತ್ತಲ್ಲ, ಅದ್ನೇ ಸಾ ಬಾಡ್ಗೆಗ್ ಇಡ್ದವ್ರೆ. ಬಾತ್ಕೋಳಿ ಪುಕ್ಕ ಕೀಳೋದು ನಮ್ ಕೆಲ್ಸ.”

“ಸತ್ತ ಬಾತುಕೋಳಿದಾ?” ಎಂದೆ.

ಅವಳು ನನ್ನ ದಡ್ಡತನಕ್ಕೆ ನಕ್ಕಳು. “ಸತ್ತೋದ್ರೆ ಇನ್ನೊಂದ್ ಕಿತ ಎಲ್ ಬತ್ತದವ್ವಾ? ಜೀವ ಇರೋವ್ನೇ ಕೀಳ್ಬೇಕು. ಒಂದೂವರೆ ತಿಂಗ್ಳಿಗೆ ಮತ್ತೆ ಬಂದ್ಬುಡ್ತದೆ, ಮತ್ತೆ ಕೀಳೋದು.”

ಮಾರನೇ ದಿನ ಭಾನುವಾರ ಬೆಳಿಗ್ಗೆ ಚನ್ನರಾಯಪಟ್ಟಣದಲ್ಲಿ ಸ್ಪೆಷಲ್ ಕ್ಲಾಸು ಎಂದು ನಿಮಗೆ ಹೇಳಿ ಹೊರಟದ್ದು ಅಲ್ಲಿಗೇ. ನಾಲೆಯ ಸೇತುವೆಯ ಹತ್ತಿರ ಇಳಿದೆ. ಭತ್ತ ಕೊಯ್ದ ಗದ್ದೆಗೆ ಬಾತುಕೋಳಿ ಮಂದೆ ತಂದು ಮೇಯಿಸುವವರನ್ನು ಆ ಕಡೆ ಎಷ್ಟೋ ಸಲ ನೋಡಿದ್ದೇವೆ; ಕಾರು ನಿಲ್ಲಿಸಿ ಫೋಟೊ ತೆಗೆದಿದ್ದೇವೆ. ನೀವು ಅಂಥ ಎರಡು ಮಂದೆ ಕೊಂಡು, ಗದ್ದೆಯ ನೀರಿನಲ್ಲಿ ತೇಲುತ್ತಿದ್ದ ಆ ಜೀವಗಳನ್ನು ಕಿಟಕಿಗೆಲ್ಲ ಟಾರ್ಪಾಲು ಹೊಡೆದ ಮನೆಯೊಳಗೆ ತುಂಬಿದ್ದೀರಿ ಎಂದು ಆ ಬಾಗಿಲು ತಳ್ಳಿದಾಗ ತಿಳಿಯಿತು.

ಕಣ್ಣು ಉರಿಯಿತು. ನೆಲವೆಲ್ಲ ಹಿಕ್ಕೆಯ ಕೆಸರು. ಆರು ಜನ ಹೆಂಗಸರು ಸಾಲಾಗಿ ಕೂತಿದ್ದರು. ಒಬ್ಬೊಬ್ಬರ ತೊಡೆಗಳ ಸಂದಿಯಲ್ಲಿ ಅಂಗಾತ ಹಿಡಿದ ಒಂದೊಂದು ಬಾತು, ರೆಕ್ಕೆಗಳನ್ನು ಹಿಂದಕ್ಕೆ ಹೆಣೆದು, ಕತ್ತನ್ನು ಕಂಕುಳಿಗೆ ಸಿಕ್ಕಿಸಿಕೊಂಡು. ಹುಲ್ಲು ಕೀಳುವಂತೆ ಎದೆಯಿಂದ ಹಿಡಿಹಿಡಿ ಕೀಳುತ್ತಿದ್ದರು. ಮೊದಲ ಹಿಡಿಗೆ ಬಾತು ಕಿರುಚುತ್ತದೆ. ಮೂರನೆಯದಕ್ಕೋ ನಾಲ್ಕನೆಯದಕ್ಕೋ ದನಿ ನಿಲ್ಲುತ್ತದೆ. ಬಾಯಿ ಮಾತ್ರ ತೆರೆದು ಮುಚ್ಚುತ್ತದೆ. ಚರ್ಮ ಕಿತ್ತುಬಂದರೆ ಬಟ್ಟೆ ಹೊಲಿಯುವ ಸೂಜಿಯಲ್ಲಿ ಎರಡು ಹೊಲಿಗೆ ಹಾಕಿ ಅರಿಸಿನ ಮೆತ್ತಿ ಆಚೆಗೆ ಎಸೆಯುತ್ತಾರೆ. ಅದು ಎದ್ದು ಎರಡು ಹೆಜ್ಜೆ ನಡೆದು ಕೂರುತ್ತದೆ. ಕತ್ತಿನಿಂದ ಹೊಟ್ಟೆಯವರೆಗೆ ಕೆಂಪಗೆ, ಗುಳ್ಳೆಗುಳ್ಳೆ, ಈಗಷ್ಟೇ ಕ್ಷೌರ ಮಾಡಿಸಿದ ಮುದುಕನ ಗದ್ದದ ಹಾಗೆ.

ಮೂಲೆಯಲ್ಲಿ ಒಂದು ಬಾತು ಮೊಟ್ಟೆಯ ಮೇಲೆ ಕೂತಿತ್ತು. ನಾನು ಪುಸ್ತಕದಲ್ಲಿ ಓದಿದ್ದನ್ನು ಅದು ನನ್ನ ಕಣ್ಣೆದುರು ಮಾಡುತ್ತಿತ್ತು ಕೀರ್ತಿ. ಸಮುದ್ರದ ಬಾತಾದರೇನು, ನಾಲೆಯ ಬಾತಾದರೇನು, ತಾಯಿಯ ಬುದ್ಧಿ ಒಂದೇ ಇರಬೇಕು. ಗೂಡಿಗೆ ಹಾಸಲು ಕೊಕ್ಕನ್ನು ಎದೆಗೆ ಒಯ್ಯುತ್ತಿತ್ತು. ಅಲ್ಲಿ ಏನೂ ಇಲ್ಲ. ಬೋಳು ಚರ್ಮವನ್ನೇ ಕೆದಕಿ ಬರಿ ಕೊಕ್ಕನ್ನು ಮೊಟ್ಟೆಯ ಪಕ್ಕಕ್ಕೆ ತಂದು ಇಡುತ್ತಿತ್ತು. ಮತ್ತೆ ಎದೆಗೆ, ಮತ್ತೆ ಮೊಟ್ಟೆಗೆ. ಎದೆಯಿಂದ ರಕ್ತ ಬರುತ್ತಿತ್ತು. ನಾನು ಎಷ್ಟು ಹೊತ್ತು ನಿಂತಿದ್ದೆನೋ ತಿಳಿಯದು.

“ಪಾಪ ಅನ್ನುಸ್ತದೆ ಕಣವ್ವ” ಅಂದಳು ಒಬ್ಬಳು, ಕೈ ನಿಲ್ಲಿಸದೆ. “ಪಾಪ ಅಂತ ಕುಂತ್ಕಂಡ್ರೆ ಮನೇಲಿ ಒಲೆ ಉರೀಬೇಕಲ್ಲ.”

ಅವಳ ಬೆನ್ನ ಹಿಂದೆ ರೇಷ್ಮೆ ಪಟ್ಟಿಯ ಸುರುಳಿಗಳಿದ್ದವು. ಈ ಹೊದಿಕೆಗಾಗಿ ಒಂದು ಹಕ್ಕಿಯೂ ನೋಯಲಿಲ್ಲ, ಈ ಹೊದಿಕೆಗಾಗಿ ಒಂದು ಹಕ್ಕಿಯೂ ನೋಯಲಿಲ್ಲ, ಮೀಟರುಗಟ್ಟಲೆ. ಹೊರಗೆ ಬಂದು ನಾಲೆಯ ಏರಿಯ ಮೇಲೆ ಕಾರಿಕೊಂಡೆ.

ಮಧ್ಯಾಹ್ನ ಮನೆಗೆ ಬಂದಾಗ ನೀವು ಊಟಕ್ಕೆ ಕೂತಿದ್ದಿರಿ. ನೋಡಿ ಬಂದೆ ಅಂದೆ. ನಿಮ್ಮ ಬಾಯಿಂದ ಬಂದ ಮೊದಲ ಮಾತು, “ಅಲ್ಲಿಗ್ಯಾಕೋದೆ ನೀನು?” ಸುಳ್ಳು ಎನ್ನುತ್ತೀರಿ ಎಂದು ಕಾದಿದ್ದೆ. ಅಷ್ಟು ಮರ್ಯಾದೆಯನ್ನಾದರೂ ನನಗೆ ಕೊಡಬಹುದಿತ್ತು. ನಿಜವಾದ ತುಪ್ಪಳ ಯಾರ ಕೈಗೂ ಎಟಕುವ ಬೆಲೆಯಲ್ಲ, ನಮ್ಮ ಬಾತಿನದೂ ಅದೇ ಬಣ್ಣ, ಅದೇ ಬಿಸಿ ಅಂದಿರಿ. ಕಿತ್ತರೆ ಕೂದಲಿನಂತೆ ಮತ್ತೆ ಬರುತ್ತದೆ ಅಂದಿರಿ. “ನೀನು ಕೋಳಿ ಸಾರು ತಿನ್ನಲ್ವಾ?” ಅಂದಿರಿ. ತಿನ್ನುತ್ತೇನೆ. ಆದರೆ ಈ ಕೋಳಿ ನೋಯಲಿಲ್ಲ ಎಂದು ಬರೆದು ಬಡಿಸುವುದಿಲ್ಲ.

ಆಮೇಲೆ ಎದ್ದು ಕೈ ತೊಳೆದುಕೊಂಡು ಬಂದು, ಬಹಳ ಮೆಲ್ಲಗೆ ಅಂದಿರಿ: “ಯಶೂ, ಪುಕ್ಕ ಯಾವ್ದಾದ್ರೇನು? ಜನ ದುಡ್ಡು ಕೊಟ್ಟು ತಗೊಂಡಿದ್ದು ನಿನ್ ಮಾತ್ನ.” ನನ್ನ ಕೆನ್ನೆ ಒರೆಸಲು ಕೈ ಚಾಚಿದಿರಿ. ಗಂಧದ ಸೋಪಿನ ವಾಸನೆ. ನಾನು ಮೆಚ್ಚಿ ಮದುವೆಯಾದ ಕೈ ಅದು. ಗೋಡೆಯವರೆಗೆ ಹಿಂದೆ ಸರಿದೆ.

“ಅಪ್ಪನಿಗೂ ಅದನ್ನೇ ಹೊದಿಸಿದೆನಲ್ಲ” ಅಂದೆ. ನಿಮ್ಮ ಮುಖ ಅವತ್ತು ಮೊದಲ ಸಲ ಬಾಡಿತು. “ಮಾವಂಗೆ ಬೆಚ್ಗಿತ್ತಲ್ವಾ” ಅಂದಿರಿ. ನೀವು ಅದನ್ನು ಪ್ರೀತಿಯಿಂದಲೇ ಅಂದದ್ದು. ಅದಕ್ಕೇ ನನಗೆ ಆ ಮನೆಯಲ್ಲಿ ಇನ್ನೊಂದು ಗಂಟೆ ಕೂರಲಾಗಲಿಲ್ಲ.

ಶೆಡ್ಡಿಗೆ ಬೀಗ ಬಿದ್ದದ್ದು ಯಾರಿಂದ ಎಂದು ನೀವು ಊರೆಲ್ಲ ವಿಚಾರಿಸುತ್ತಿದ್ದೀರಂತೆ. ನನ್ನಿಂದ. ಗುರುವಾರ ಹೊಳೆನರಸೀಪುರದ ಪಶು ವೈದ್ಯಾಧಿಕಾರಿಯ ಬಳಿ ಹೋಗಿ ದೂರು ಬರೆದುಕೊಟ್ಟೆ. ಪುಸ್ತಿಕೆಯನ್ನೂ ಲಗತ್ತಿಸಿ, ಬರೆದವಳು ನಾನೇ ಎಂದು ಹೇಳಿದೆ. ಶುಕ್ರವಾರ ಅವರು ಪೊಲೀಸರೊಂದಿಗೆ ಹೋದರು. ಬದುಕಿದ್ದ ಬಾತುಗಳನ್ನು ಗಾಯ ಮಾಯುವವರೆಗೆ ನೋಡಿಕೊಳ್ಳಲು ಒಂದು ತೋಟಕ್ಕೆ ಸಾಗಿಸಿದ್ದಾರೆ.

ಅವತ್ತು ಸಂಜೆ, ಬಸ್ಸಿನಲ್ಲಿ ನನ್ನ ನಂಬರು ಇಸಿದುಕೊಂಡಿದ್ದ ಲಕ್ಕಮ್ಮ ಫೋನು ಮಾಡಿದಳು. “ಚೆಂದಾಗ್ ಮಾಡ್ದೆ ಕಣವ್ವ. ಬಾತ್ಕೋಳಿ ಬದುಕ್ಕಂಡ್ವು. ನಾವು ಯಾವ್ ತ್ವಾಟಕ್ ಓಗವಾ?” ಅಂದಳು. ಅವಳ ಕೈಗೆ ಔಷಧಿಯಾದರೂ ನೀವು ಕೊಡಿಸಲೇಬೇಕು. ಕೊಡಿಸದಿದ್ದರೆ ನಾನು ಕೊಡಿಸುತ್ತೇನೆ. ಕೀಳಿಸಿದವರು ನಾವು, ಕಿತ್ತವಳನ್ನು ಬಸ್ಸಿನಲ್ಲಿ ಮೂಗು ಮುಚ್ಚಿಕೊಂಡು ನೋಡಿದವಳೂ ನಾನೇ.

ಹೊದಿಕೆ ಕೊಂಡವರಿಗೆಲ್ಲ ನೀವೇ ಸತ್ಯ ಹೇಳಿ. ತಿಂಗಳ ಕೊನೆಯವರೆಗೆ ಕಾಯುತ್ತೇನೆ. ಆಗದಿದ್ದರೆ ನಾನು ಬರೆಯುತ್ತೇನೆ. ಡಾಕ್ಟರ ಹೆಂಡತಿಗೆ ಆಗಲೇ ಬರೆದಾಗಿದೆ. ಅವರು ಉತ್ತರಿಸಿಲ್ಲ.

ನಾನು ಬರುತ್ತೇನೋ ಇಲ್ಲವೋ ಎಂದು ಕೇಳಬೇಡಿ. ಬಿ.ಪಿ. ಮಾತ್ರೆ ಅಡುಗೆಮನೆಯ ಮೇಲಿನ ಡ್ರಾಯರಿನಲ್ಲಿದೆ, ನೀವು ಹುಡುಕುವುದು ಯಾವಾಗಲೂ ಕೆಳಗಿನದರಲ್ಲಿ. ಗ್ಯಾಸು ಬುಕ್ ಮಾಡಿದ್ದೇನೆ. ಬುಧವಾರ ಬರುತ್ತದೆ, ಮನೆಯಲ್ಲಿರಿ.

ಇಷ್ಟು ದಿನ ನಿಮಗೆ ಮಾತು ಬರೆದುಕೊಟ್ಟ,
ಯಶೋಧರಾ

ವಿ.ಸೂ.: ಕಾಗದ ಮಡಿಸಿ ಲಕೋಟೆಗೆ ಹಾಕಿದ್ದೆ. ಮತ್ತೆ ತೆಗೆದಿದ್ದೇನೆ.

ಯಾವತ್ತು ಗೊತ್ತಾಯಿತು ಎಂದು ಅಧಿಕಾರಿ ಕೇಳಿದರು. ಜನವರಿ ಇಪ್ಪತ್ತೇಳು ಎಂದೆ. ಅವರು ಬರೆದುಕೊಂಡರು, ನಾನು ಸಹಿ ಹಾಕಿದೆ. ಮೇಲೆ ನಿಮಗೂ ಹಾಗೇ ಬರೆದಿದ್ದೇನೆ. ಅದು ನಿಜವಲ್ಲ.

ಅಪ್ಪ ಹೋಗುವ ಮೂರು ದಿನ ಮುಂಚೆ, ಬೆಳಿಗ್ಗೆ ಗಂಜಿ ಕುಡಿಸುವಾಗ, ಎದೆಗೆ ಏನೋ ಚುಚ್ಚುತ್ತದೆ ಅಂದರು. ಹೊದಿಕೆಯ ಬಟ್ಟೆಯಿಂದ ಎಳೆದು ತೆಗೆದೆ. ಅಕ್ಕಿಕಾಳಿನಷ್ಟು ಪುಕ್ಕದ ಕಡ್ಡಿ, ಬುಡದಲ್ಲಿ ಒಣಗಿದ ರಕ್ತ. ಐಡರ್ ತುಪ್ಪಳಕ್ಕೆ ಕಡ್ಡಿಯೇ ಇರುವುದಿಲ್ಲ, ಪುಸ್ತಿಕೆಯ ಮೂರನೇ ಪುಟದಲ್ಲಿ ಹಾಗೆ ಬರೆದವಳು ನಾನು. “ಏನವ್ವ ಅದು?” ಅಂದರು. ದಾರದ ತುಂಡಪ್ಪಾ ಅಂದೆ. ಅವರು ನನ್ನ ಮುಷ್ಟಿ ಬಿಡಿಸಿ ನೋಡಿದರು. ಚಿಕ್ಕಂದಿನಲ್ಲಿ ಎಷ್ಟೋ ಪ್ರಾಣಿಗಳ ಮೈ ನೋಡಿದ ಕಣ್ಣು ಅದು. ಚಳಿಗೆ ನಡುಗುತ್ತಲೇ ಹೊದಿಕೆಯನ್ನು ಕಾಲಿನಿಂದ ಒದ್ದು ಕೆಳಗೆ ತಳ್ಳಿದರು. ನಾನು ಮತ್ತೆ ಹೊದಿಸಿದೆ. ಮತ್ತೆ ಒದ್ದರು. ಈ ಸಲ ಎರಡೂ ಅಂಚನ್ನು ಹಾಸಿಗೆಯಡಿ ಬಿಗಿಯಾಗಿ ಸಿಕ್ಕಿಸಿದೆ. ಮೂರನೇ ಸಲ ಒದೆಯುವ ಶಕ್ತಿ ಅವರಲ್ಲಿ ಇರಲಿಲ್ಲ.

ನಿಮ್ಮನ್ನು ಆಗ ಕೇಳಲಿಲ್ಲ. ಕೇಳಿದ್ದರೆ ನೀವು ನಿಜ ಹೇಳಿಬಿಡುತ್ತಿದ್ದಿರಿ.

ನಾಳೆ ಶಾಲೆಗೆ ರಜೆ ಹಾಕಿದ್ದೇನೆ. ಹೊಳೆನರಸೀಪುರಕ್ಕೆ ಹೋಗಿ ಆ ತಾರೀಖು ತಿದ್ದಿಸಬೇಕು.